ನೊರೆ ನಿಂತ ಬಾವಿ

ನನ್ನ ತಮ್ಮ ಸತ್ತ ಸುದ್ದಿ ಹೇಳಿದವನು ಬಂದೂಕನ್ನು ನನ್ನ ಎದೆಗೆ ಗುರಿಯಿಟ್ಟುಕೊಂಡೇ ಹೇಳಿದ.

"ಇಳೀಬೇಡ ಅಜ್ಜ. ಗಾಡಿ ತಿರುಗಿಸು."

"ನನ್ನ ತಮ್ಮ ಒಳಗಿದ್ದಾನೆ. ಎರಾಸ್ಮೋ ಲುಹಾನ್. ನಿಮ್ಮ ಎಣ್ಣೆ ಬಾವಿಗಳನ್ನ ನೋಡ್ಕೊಳ್ಳೋನು. ಮನೇಲಿ ಊಟಕ್ಕೆ ಕಾಯ್ತಿದ್ದಾರೆ."

"ಇನ್ನು ಕಾಯೋದು ಬೇಡ. ಅವನು ಸತ್ತ."

ಅಷ್ಟೇ!

ಭಾನುವಾರ. ಚರ್ಚಿನ ಪೂಜೆಗೆ ಹಾಕಿಕೊಂಡ ಕೋಟು ಇನ್ನೂ ನನ್ನ ಮೈಮೇಲಿತ್ತು. ಈ ಬಯಲಿನಲ್ಲಿ ಪೈಪು ಕದಿಯುವವರನ್ನು, ಎಣ್ಣೆ ಕದಿಯುವವರನ್ನು ಹಿಡಿದು ಹೊಟ್ಟೆ ಹೊರೆದವನು ನಾನು. ಬಂದೂಕಿನ ನಳಿಗೆ ನನಗೆ ಹೊಸದಲ್ಲ. ಆದರೆ ಆ ಕ್ಷಣ ನಾನು ನೋಡಿದ್ದು ನಳಿಗೆಯನ್ನಲ್ಲ. ಅವನ ಬೆನ್ನ ಹಿಂದೆ ಕಂಬದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಗಾಳಿಚೀಲ ಜೋತುಬಿದ್ದಿತ್ತು. ನಮ್ಮ ಪಶ್ಚಿಮ ಟೆಕ್ಸಸ್ಸಿನಲ್ಲಿ ಗಾಳಿ ನಿಲ್ಲುವುದು ಬಲು ಅಪರೂಪ. ಅಂದು ನಿಂತಿತ್ತು.

ನಾನು ಗಾಡಿಯಿಂದ ಇಳಿದೆ.

"ಹೊಡೆಯೋದಾದ್ರೆ ಹೊಡಿ. ಇಲ್ಲ ದಾರಿ ಬಿಡು."

ಅವನು ಹೊಡೆಯಲಿಲ್ಲ. ಡೆವಿನ್ ಎಂದು ಅವನ ಹೆಸರು. ಕಂಪನಿಯ ಕಾವಲುಗಾರ. ದಪ್ಪ ಕುತ್ತಿಗೆ, ಕೆಂಪು ಮುಖ. ಗೊಣಗುತ್ತಾ ಗೇಟು ತೆರೆದ.

ಒಂದು ತಗ್ಗಿನ ಅಂಚಿನಲ್ಲಿ ನನ್ನ ತಮ್ಮನನ್ನು ಮಲಗಿಸಿದ್ದರು. ಮೇಲೆ ಟಾರ್ಪಾಲು. ಪಕ್ಕದಲ್ಲಿ ಇಬ್ಬರು ನಿಂತಿದ್ದರು. ಒಬ್ಬ ಕ್ಲಿಂಟ್ ಮೇಬ್ರಿ, ಆ ಬಯಲಿನ ಮ್ಯಾನೇಜರು. ಇನ್ನೊಬ್ಬರು ಜಡ್ಜ್ ಒರಾಲಿಯಾ ಬಾಕಾ. ನಮ್ಮ ಕೌಂಟಿಯಲ್ಲಿ ಸಾವಿನ ಕಾರಣ ಬರೆಯುವವರು ವೈದ್ಯರಲ್ಲ, ಜನ ಆರಿಸಿದ ಜಡ್ಜು.

"ಬೇಜಾರಾಗುತ್ತೆ ತಾಚೋ," ಎಂದ ಮೇಬ್ರಿ ನನ್ನ ಹೆಸರು ಹಿಡಿದು. "ಕುಡಿದಿದ್ದ. ತೂರಾಡ್ಕೊಂಡು ತಗ್ಗಿಗೆ ಇಳಿದ. ಬಿದ್ದ. ಎದೆ ನಿಂತುಹೋಯ್ತು."

"ಅವನು ಕುಡಿಯೋದಿಲ್ಲ."

"ಬಾಟಲಿ ಪಕ್ಕದಲ್ಲೇ ಇತ್ತು. ತೂರಾಡಿದ್ದನ್ನ ಡೆವಿನ್ ಕಣ್ಣಾರೆ ನೋಡಿದಾನೆ. ಆಣೆ ಮುಗಿಯೋಕೆ ಇನ್ನೆರಡು ವಾರ ಇತ್ತಂತಲ್ಲ? ಕಾಯೋಕಾಗ್ಲಿಲ್ಲ, ಪಾಪ!"

ನನ್ನ ಕೈ ಮುಷ್ಟಿಯಾಯಿತು. ಜಡ್ಜಮ್ಮ ನಡುವೆ ಬಂದು ನಿಂತರು.

ಆಣೆಯ ವಿಷಯ ಊರಿಗೆಲ್ಲ ಗೊತ್ತು. ಎರಾಸ್ಮೋ ಒಂದು ಕಾಲಕ್ಕೆ ಕುಡಿದು ಮನೆಯ ಬಾಗಿಲು ಮುರಿದವನು. ಆಮೇಲೆ ಪ್ರತಿ ಡಿಸೆಂಬರಿನಲ್ಲಿ, ಗ್ವಾದಲೂಪೆಯ ಮರಿಯ ಮಾತೆಯ ಹಬ್ಬದಂದು, ಹೆಂಡತಿಯನ್ನು ಪಕ್ಕದಲ್ಲಿಟ್ಟುಕೊಂಡು ಮಂಡಿಯೂರಿ ಆಣೆ ಇಡುತ್ತಿದ್ದ. ಒಂದು ವರ್ಷ ಮುಟ್ಟುವುದಿಲ್ಲ ಎಂದು. ಮುಂದಿನ ವರ್ಷ ಮತ್ತೆ. ನಮ್ಮವರು ಒಮ್ಮೆಗೆ ಒಂದು ವರ್ಷಕ್ಕಿಂತ ಹೆಚ್ಚು ಆಣೆ ಇಡುವುದಿಲ್ಲ. ನಮ್ಮನ್ನು ನಾವು ಬಲ್ಲೆವು.

ಟಾರ್ಪಾಲು ಸರಿಸಿ ಮಂಡಿಯೂರಿದೆ. ಹಣೆಗೆ ಮುತ್ತಿಟ್ಟೆ. ಹಾಗೇ ಬಾಯಿಯ ಬಳಿ ಮೂಗು ತಂದೆ. ಇದು ತಮ್ಮನಿಗೆ ಅಣ್ಣ ಮಾಡುವ ಕೆಲಸವಲ್ಲ. ನನ್ನ ಕಸುಬು ಮಾಡಿಸಿತು.

ಬಾಯಲ್ಲಿ ಕಾಫಿಯ ವಾಸನೆ. ಅಂಗಿಯಲ್ಲಿ ಕಾಲರಿನಿಂದ ಬೆಲ್ಟಿನ ತನಕ ವಿಸ್ಕಿ.

ಕುಡಿದವನ ಬಾಯಿ ನಾರುತ್ತದೆ. ಇಲ್ಲಿ ನನ್ನ ತಮ್ಮನ ಅಂಗಿ ಮಾತ್ರ ಕುಡಿದಿತ್ತು!

ಎದೆಗೆ ಸಿಕ್ಕಿಸಿದ್ದ ಅಲಾರಂನ ಹಸಿರು ದೀಪ ಇನ್ನೂ ಮಿನುಗುತ್ತಿತ್ತು. ಬಾವಿಯ ಕೆಲಸದವರೆಲ್ಲ ಅದನ್ನು ಸಿಕ್ಕಿಸಿಕೊಳ್ಳುತ್ತಾರೆ. ಕೊಳೆತ ಮೊಟ್ಟೆಯಂತೆ ನಾರುವ ಗ್ಯಾಸು ಬಂದರೆ ಅದು ಕೂಗುತ್ತದೆ. ಕೂಗಿದರೆ ಗಾಳಿಚೀಲ ನೋಡು, ಗಾಳಿಗೆ ಎದುರಾಗಿ ಓಡು. ಕೂಗದಿದ್ದರೆ ಹೆದರಬೇಡ. ಇಲ್ಲಿಯ ಮಕ್ಕಳಿಗೂ ಈ ಪಾಠ ಬರುತ್ತದೆ.

ಅದು ಕೂಗಿರಲಿಲ್ಲ.

"ಜಡ್ಜಮ್ಮ, ರಕ್ತ ಪರೀಕ್ಷೆಗೆ ಕಳಿಸಿ."

"ನೋಡಿದ ಸಾಕ್ಷಿ ಇದ್ದಾನೆ. ಬಾಟಲಿ ಇದೆ. ಅವನ ಹೆಂಡತೀನೇ ಕುಯ್ಯೋದು ಬೇಡ ಅಂತ ಫೋನಲ್ಲಿ ಹೇಳಿದ್ಲು. ನಾನೇನು ಮಾಡ್ಲಿ?" ಎಂದರು ಅವರು. ಆಮೇಲೆ ದನಿ ತಗ್ಗಿಸಿದರು. "ನಾಳೆ ಮಧ್ಯಾಹ್ನ ಸಹಿ ಹಾಕ್ತೀನಿ. ಅಷ್ಟರೊಳಗೆ ಒಂದು ಕಾರಣ ತಗೊಂಡು ಬಾ. ವಾಸನೆ ಅಲ್ಲ. ಕಾರಣ."

ಎರಾಸ್ಮೋನ ಹೆಂಡತಿ ಹೆರ್ಲಿಂಡಾ ಅಡುಗೆಮನೆಯಲ್ಲಿ ಕೂತಿದ್ದಳು. ಒಲೆಯ ಮೇಲೆ ಭಾನುವಾರದ ಮಾಂಸದ ಸಾರು ಹಾಗೇ ಇತ್ತು. ಅಕ್ಕಪಕ್ಕದ ಹೆಂಗಸರು ಜಪಸರ ಹಿಡಿದು ಹೊರಗೆ ಕಾಯುತ್ತಿದ್ದರು. ಇವಳು ಏಳಲಿಲ್ಲ.

"ಜಪ ಶುರು ಮಾಡ್ಬೇಕಮ್ಮ. ಏಳು."

"ನಾನು ಬರಲ್ಲ ಭಾವ."

"ಹೆರ್ಲಿಂಡಾ..."

"ಗ್ವಾದಲೂಪೆ ತಾಯಿ ಮುಂದೆ ನನ್ನ ಕೈ ಹಿಡ್ಕೊಂಡು ಆಣೆ ಇಟ್ಟ. ಪ್ರತಿ ವರ್ಷ! ಅವಳಿಗೂ ಸುಳ್ಳು ಹೇಳಿದ, ನನಗೂ ಸುಳ್ಳು ಹೇಳಿದ. ನೀವು ಜಪ ಮಾಡಿ. ನಾನು ಸುಳ್ಳುಗಾರನಿಗೆ ಜಪ ಮಾಡಲ್ಲ. ಮಣ್ಣಿಗೂ ಬರಲ್ಲ."

ಅವಳು ಅಳುತ್ತಿರಲಿಲ್ಲ. ಅದೇ ನನ್ನನ್ನು ಹೆದರಿಸಿತು.

ದೇವರಿಗೆ ಸತ್ಯ ಗೊತ್ತು. ಅವನಿಗೆ ನನ್ನ ಸಹಾಯ ಬೇಕಿಲ್ಲ. ಆದರೆ ಹೆರ್ಲಿಂಡಾಳಿಗೆ ಗೊತ್ತಿಲ್ಲ. ನನ್ನ ತಮ್ಮ ಹೆಂಡತಿಯ ಒಂದು ಪ್ರಾರ್ಥನೆಯೂ ಇಲ್ಲದೆ ಮಣ್ಣಿಗೆ ಹೋಗಬೇಕೇ?

ಅವನು ಕೂರುತ್ತಿದ್ದ ಕುರ್ಚಿಯ ಎದುರು ಕೂತೆ. ಅವನ ಮಾತುಗಳೇ ಕಿವಿಗೆ ಬಂದವು. ಇದೇ ಮೇಜಿನ ಮುಂದೆ ಅವನು ನನಗೆ ತನ್ನ ಕೆಲಸ ವಿವರಿಸಿದ್ದ.

"ಅಣ್ಣ, ಮೊದಲು ಎಣ್ಣೆ ತಾನಾಗೇ ಬಂತು. ಆಮೇಲೆ ನೀರು ಬಿಟ್ಟು ತಳ್ಳಿದ್ರು. ಈಗ ಉಳಿದಿರೋದು ಬಂಡೆಗೆ ಅಂಟ್ಕೊಂಡಿದೆ, ಬಾಣಲೆ ಜಿಡ್ಡಿನ ಹಾಗೆ. ಅದನ್ನ ಬಿಡಿಸೋಕೆ ಇಂಗಾಲದ ಗ್ಯಾಸು ಬಿಡ್ತೀವಿ. ಸೋಡಾದಲ್ಲಿ ಇರುತ್ತಲ್ಲ, ಅದೇ."

"ಮತ್ತೆ ಬಾವಿ ಪಕ್ಕ ಸೋಪಿನ ಟ್ಯಾಂಕು ಯಾಕೋ?"

"ಗ್ಯಾಸು ಮಹಾ ಸೋಮಾರಿ! ಬಂಡೇಲಿ ಬಿರುಕು ಎಲ್ಲಿದೆ ಅಂತ ಹುಡುಕುತ್ತೆ. ಸಿಕ್ತೋ, ಎಣ್ಣೆ ಮುಟ್ಟೋದೇ ಇಲ್ಲ, ನೆಟ್ಟಗೆ ಆ ಕಡೆಗೆ ಓಟ. ಅದಕ್ಕೇ ನೀರಿಗೆ ಸೋಪ್ ಬೆರೆಸಿ ಗ್ಯಾಸಿನ ಜೊತೆ ಬಿಡೋದು. ಕೆಳಗೆ ನೊರೆ ಏಳುತ್ತೆ. ನೊರೆ ಹೋಗಿ ಬಿರುಕಲ್ಲಿ ಕೂತುಬಿಡುತ್ತೆ, ನಮ್ಮತ್ತೆ ಸೋಫಾದಲ್ಲಿ ಕೂತ ಹಾಗೆ. ಅಲುಗೋದೇ ಇಲ್ಲ. ಆಗ ಗ್ಯಾಸು ಬೇರೆ ದಾರಿ ಇಲ್ದೆ ಬಿಗಿ ಬಂಡೆಗೆ ನುಗ್ಗಿ ಎಣ್ಣೆ ತಳ್ಳುತ್ತೆ."

"ನಮ್ಮಮ್ಮನ ಸುದ್ದಿ ಎತ್ತಿದ್ರೆ ನೋಡಿ!" ಎಂದು ಹೆರ್ಲಿಂಡಾ ಒಲೆಯ ಬಳಿಯಿಂದ ಕೂಗಿದ್ದಳು.

ಅವನು ನಕ್ಕಿದ್ದ. "ಬಿಯರ್ ಬಿಟ್ಟ ಮೇಲೆ ನನ್ನ ಪಾಲಿಗೆ ಉಳಿದಿರೋ ನೊರೆ ಇದೊಂದೇ ಅಣ್ಣ."

ಹೋದ ಭಾನುವಾರ ಮಾತ್ರ ಅವನು ನಕ್ಕಿರಲಿಲ್ಲ. "ಗ್ಯಾಸು ಬೇಗ ಬೇಗ ಬರ್ತಿದೆ. ಎಣ್ಣೆಗಿಂತ ಗ್ಯಾಸೇ ಜಾಸ್ತಿ. ಏನೋ ಸರಿ ಇಲ್ಲ," ಎಂದಿದ್ದ.

ನೊರೆ ನಿಂತಿದ್ದರೆ? ಗ್ಯಾಸು ಬಿರುಕು ಹಿಡಿದು ಓಡಿದ್ದರೆ?

ಎಲ್ಲಿ ಮೇಲೆದ್ದಿತು?

ಸೋಮವಾರ ಬೆಳಗ್ಗೆ ಜಡ್ಜಮ್ಮನಿಗೆ ಫೋನ್ ಮಾಡಿದೆ. "ಆ ತಗ್ಗಿನ ಹತ್ರ ಬನ್ನಿ. ಕಾರಣ ಅಲ್ಲಿದೆ."

"ಏನು ಕಾರಣ?"

"ಇನ್ನೂ ಗೊತ್ತಿಲ್ಲ."

"ನಿನ್ನ ತಲೆ!" ಎಂದು ಫೋನಿಟ್ಟರು. ಬರುತ್ತಾರೋ ಇಲ್ಲವೋ ಹೇಳಲಿಲ್ಲ.

ಗೇಟಿಗೆ ಹೋಗಲಿಲ್ಲ. ಪಕ್ಕದ ದನದ ಹುಲ್ಲುಗಾವಲಿನ ಕಡೆಯಿಂದ ಗಾಡಿ ನುಗ್ಗಿಸಿದೆ. ಗಾಳಿ ಅಂದೂ ಇರಲಿಲ್ಲ. ಕೊರೆಯುವ ಚಳಿ. ಪಂಪುಗಳು ತಲೆಯಾಡಿಸುತ್ತಿದ್ದವು, ಹೌದು ಹೌದು ಎನ್ನುವಂತೆ.

ಗ್ಯಾಸು ಒಳಗೆ ಬಿಡುವ ಬಾವಿಯ ಪಕ್ಕದಲ್ಲಿ ಸೋಪಿನ ಟ್ಯಾಂಕು. ಬೆರಳಿನ ಗೆಣ್ಣಿನಿಂದ ಬಡಿದೆ.

ಢಣ್!

ಕೆಳಗೆ ಬಡಿದೆ. ಢಣ್! ತಳದ ತನಕ ಟೊಳ್ಳು.

ನೀರಿನ ಪೈಪಿನ ನಲ್ಲಿಯಿಂದ ಬಾಟಲಿ ತುಂಬಿಕೊಂಡೆ. ಮುಚ್ಚಳ ಬಿಗಿದು ಜೋರಾಗಿ ಕುಲುಕಿದೆ. ಸೋಪಿದ್ದರೆ ಅರ್ಧ ಬಾಟಲಿ ನೊರೆ ಏಳಬೇಕು, ನಿಲ್ಲಬೇಕು. ನಾಲ್ಕು ಗುಳ್ಳೆ ಎದ್ದವು. ಒಡೆದವು. ಬರೀ ಉಪ್ಪುನೀರು!

ಸೋಪಿನ ಖರ್ಚು ಉಳಿಸಿದ್ದ ಮೇಬ್ರಿ. ಯಾರಿಗೂ ಹೇಳದೆ.

ಠಪ್!

ಟ್ಯಾಂಕಿಗೆ ಗುಂಡು ತಗುಲಿತು. ನನ್ನ ಕಿವಿಯಿಂದ ಒಂದು ಮಾರು ದೂರ. ತಿರುಗಿದೆ. ಡೆವಿನ್ನನ ಗಾಡಿ ಧೂಳೆಬ್ಬಿಸಿಕೊಂಡು ಬರುತ್ತಿತ್ತು.

"ಕೈ ಎತ್ತೋ ಮುದುಕಾ!"

ಈ ವಯಸ್ಸಿನಲ್ಲಿ ಓಡುವುದು ಚೆಂದವಲ್ಲ. ಓಡಿದೆ. ಗಾಡಿ ಹತ್ತಿದೆ. ಕಾಲಿನ ಬಲವನ್ನೆಲ್ಲ ಪೆಡಲಿಗೆ ಹಾಕಿದೆ. ಸುಣ್ಣಕಲ್ಲಿನ ರಸ್ತೆ. ಹಿಂದಿನ ಗಾಜು ಪುಡಿಯಾಯಿತು. ಮುಂದೆ ಎರಡು ದಾರಿ... ಒಂದರಲ್ಲಿ ಬೀಗ ಹಾಕಿದ ಗೇಟು. ಇನ್ನೊಂದು ತಮ್ಮ ಸತ್ತ ಆ ತಗ್ಗಿಗೆ ಇಳಿಯುತ್ತಿತ್ತು.

ತಗ್ಗಿಗೆ ಇಳಿಸಿದೆ.

ತಳ ಮುಟ್ಟುವಷ್ಟರಲ್ಲಿ ಎಂಜಿನ್ನು ಕೆಮ್ಮಿತು. ಮತ್ತೆ ಕೆಮ್ಮಿತು. ಸತ್ತಿತು!

ಕೀಲಿ ತಿರುಗಿಸಿದೆ. ಗರ್ ಗರ್... ಇಲ್ಲ.

ಕನ್ನಡಿಯಲ್ಲಿ ನೋಡಿದೆ. ಡೆವಿನ್ನನ ಗಾಡಿ ಹೊಸದು. ಅದೂ ನನ್ನ ಹಿಂದೆ ಕೆಮ್ಮಿತು. ನಿಂತಿತು.

ಎರಡು ಗಾಡಿ ಒಂದೇ ಜಾಗದಲ್ಲಿ ಸಾಯುವುದೆಂದರೇನು?

ಆಗ ಕಂಡಿತು. ರಸ್ತೆಯ ಬದಿಯಲ್ಲಿ ನಾಲ್ಕು ಲಾವಕ್ಕಿ ಕಾಲು ಮೇಲೆ ಮಾಡಿ ಬಿದ್ದಿದ್ದವು. ಅವನ್ನು ತಿನ್ನಲು ಬಂದ ನರಿ ಅವುಗಳ ಪಕ್ಕದಲ್ಲೇ ಮಲಗಿತ್ತು, ಒಂದಕ್ಕೂ ಬಾಯಿ ಹಾಕದೆ. ಅದರಾಚೆ ಯಾವುದೋ ಕಾಲದ ಹಳೆಯ ಬಾವಿಯ ತುಕ್ಕು ಪೈಪು. ಅದರ ಬಾಯಿಯ ಸುತ್ತ ಬೆಳ್ಳಗೆ ಹೆಪ್ಪುಗಟ್ಟಿದ ಹಿಮ. ಸಣ್ಣಗೆ ಬುಸುಗುಡುವ ಸದ್ದು.

ಇಲ್ಲಿ ಮೇಲೆದ್ದಿತ್ತು ಅದು! ಗಾಳಿಗಿಂತ ಭಾರದ ಆ ಇಂಗಾಲದ ಗ್ಯಾಸು. ಬಣ್ಣವಿಲ್ಲ, ನಾತವಿಲ್ಲ. ಗಾಳಿ ಬೀಸದ ದಿನ ಬಟ್ಟಲಿನಲ್ಲಿ ನೀರು ನಿಲ್ಲುವಂತೆ ತಗ್ಗಿನಲ್ಲಿ ನಿಲ್ಲುತ್ತದೆ. ಎಂಜಿನ್ನಿಗೆ ಉಸಿರಿಲ್ಲ. ನರಿಗಿಲ್ಲ. ನನಗೂ ಇಲ್ಲ!

ಆಗಲೇ ತಲೆ ಬಿರಿಯುತ್ತಿತ್ತು. ಬಾಯಿ ಮುಚ್ಚಿದೆ. ಮೂಗು ಹಿಡಿದೆ. ಬಾಗಿಲು ಒದ್ದು ಇಳಿದೆ. ದಿಬ್ಬ ಹತ್ತಿದೆ, ಕೈಯಿಂದ, ಮೊಣಕಾಲಿನಿಂದ. ಮೇಲೆ ಬಂದು ಬಿದ್ದು ಒಂದು ದೊಡ್ಡ ಉಸಿರೆಳೆದೆ. ತಾಯಿಯ ಹಾಲೂ ಅಷ್ಟು ಸಿಹಿಯಿರಲಿಕ್ಕಿಲ್ಲ.

ಕೆಳಗೆ ಡೆವಿನ್ ಗಾಡಿಯಿಂದ ಇಳಿದಿದ್ದ. ಬಂದೂಕು ನನ್ನ ಕಡೆಗೆ.

"ಮೇಲೆ ಬಾರೋ!" ಎಂದು ಕೂಗಿದೆ. "ಅಲ್ಲಿ ಉಸಿರಾಡಬೇಡ! ಗ್ಯಾಸು!"

"ಯಾರಿಗೆ ಕತೆ ಹೇಳ್ತೀಯ? ಅಲಾರಂ ಕೂಗ್ತಿಲ್ಲ!"

"ಅದು ಮೊಟ್ಟೆ ನಾತದ ಗ್ಯಾಸಿಗೆ ಮಾತ್ರ ಕೂಗೋದು ಕಣೋ, ದಡ್ಡ! ಇದು ಬೇರೆ!"

"ಸುಮ್ನೆ... ಕೈ... ಕೈ ಎತ್ತು..."

ನಾಲಿಗೆ ತೊದಲಿತು. ಒಂದು ಹೆಜ್ಜೆ ಎಡಕ್ಕೆ ಇಟ್ಟ, ಎರಡು ಬಲಕ್ಕೆ. ಬಂದೂಕು ಆಕಾಶಕ್ಕೆ ಗುಂಡು ಹಾರಿಸಿ ಕೈಯಿಂದ ಜಾರಿತು. ಅವನು ನಕ್ಕನೋ ಕೆಮ್ಮಿದನೋ ತಿಳಿಯಲಿಲ್ಲ. ದಿಬ್ಬದ ಕಡೆಗೆ ತೂರಾಡಿಕೊಂಡು ಬಂದ... ಥೇಟು ಸಂತೆಯಿಂದ ಮನೆಗೆ ಹೊರಟ ಕುಡುಕನ ಹಾಗೆ!

ನಿನ್ನೆ ಡೆವಿನ್ ಸುಳ್ಳು ಹೇಳಿರಲಿಲ್ಲ. ಅವನು ನೋಡಿದ್ದು ನಿಜ. ನನ್ನ ತಮ್ಮ ತೂರಾಡಿದ್ದು ನಿಜ.

ಡೆವಿನ್ ದಿಬ್ಬದ ನಡುವೆ ಕುಸಿದ.

ಬಿಟ್ಟುಬಿಡಬಹುದಿತ್ತು. ಒಂದು ಕ್ಷಣ ನಿಂತೆ. ಯೋಚಿಸಿದೆ ಕೂಡ. ಆಮೇಲೆ ಎದೆ ತುಂಬ ಉಸಿರು ತುಂಬಿಕೊಂಡು ಇಳಿದೆ. ಮನಸ್ಸಿನಲ್ಲಿ ನಮೋ ಮರಿಯ ಜಪ ಶುರು ಮಾಡಿದೆ. ಒಂದು ಮುಗಿಯುವಷ್ಟರಲ್ಲಿ ಅವನ ಬೆಲ್ಟು ಕೈಗೆ ಸಿಕ್ಕಿತು. ಎರಡನೆಯದರಲ್ಲಿ ಎಳೆದೆ. ಹೋರಿಯಷ್ಟು ಭಾರ! ಕಣ್ಣು ಕತ್ತಲಾಯಿತು. ಮೂರನೆಯದು ಅರ್ಧಕ್ಕೆ ಬಂದಾಗ ಅವನ ಕಾಲೂ ನೆಲ ಒದ್ದಿತು. ಇಬ್ಬರೂ ಮೇಲೆ ಬಿದ್ದೆವು.

ಅವನು ಕಕ್ಕಿದ. ಅತ್ತ. ಮತ್ತೆ ಕಕ್ಕಿದ.

"ಎಷ್ಟು ಕುಡಿದಿದ್ದೀಯೋ?" ಎಂದೆ.

"ಏ... ಏನು?"

"ಎಷ್ಟು ಕುಡಿದಿದ್ದೀಯ ಅಂದೆ."

"ಕಾಫಿ ಅಜ್ಜ... ಬರೀ ಕಾಫಿ..."

"ನನ್ನ ತಮ್ಮನೂ ಅಷ್ಟೇ."

ಅವನು ನನ್ನನ್ನು ನೋಡಿದ. ಕೆಳಗೆ ತಗ್ಗನ್ನು ನೋಡಿದ. ಕೆಂಪು ಮುಖ ಬೂದಿಯಾಯಿತು.

"ಅಯ್ಯೋ ದೇವರೇ... ನಾನು ನೋಡಿದಾಗ ಬಾಟಲಿ ಇರ್ಲಿಲ್ಲ ಅಜ್ಜ. ಮೇಬ್ರಿಗೆ ಫೋನ್ ಮಾಡ್ದೆ. ಅವರು ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಕೊಂಡು ಇಳಿದ್ರು. ನನ್ನನ್ನ ಗೇಟಿಗೆ ಕಳಿಸಿದ್ರು. ಯಾಕೆ ಸಿಲಿಂಡರ್ ಅಂದ್ರೆ, ರೂಲ್ಸು ಅಂದ್ರು."

"ಅಲಾರಂ ಕೂಗದ ಜಾಗಕ್ಕೆ?"

ಉತ್ತರವೇ ಗಾಡಿಯಲ್ಲಿ ಬರುತ್ತಿತ್ತು. ಮೇಬ್ರಿ ದಿಬ್ಬದ ಮೇಲೇ ಗಾಡಿ ನಿಲ್ಲಿಸಿದ. ತಗ್ಗಿನ ರಸ್ತೆಗೆ ಒಂದು ಚಕ್ರವನ್ನೂ ಇಳಿಸಲಿಲ್ಲ. ರೈಫಲ್ ಹಿಡಿದು ಬಂದ.

"ಡೆವಿನ್, ಗಾಡಿ ಹತ್ತು."

"ಇಲ್ಲ ಸಾರ್."

"ಏನಂದೆ?"

"ನನ್ನ ಬಂದೂಕು ಕೆಳಗಿದೆ ಸಾರ್. ತಂದುಕೊಡಿ. ಆಮೇಲೆ ಹತ್ತುತ್ತೀನಿ."

ಮೇಬ್ರಿಯ ರೈಫಲಿನ ನಳಿಗೆ ಡೆವಿನ್ನನ ಕಡೆಯಿಂದ ನನ್ನ ಕಡೆಗೆ, ನನ್ನ ಕಡೆಯಿಂದ ತಗ್ಗಿನ ಕಡೆಗೆ ತಿರುಗಿತು.

"ಇಳೀರಿ. ಇಬ್ಬರೂ."

"ಬಾಟಲಿ ಸಾಕಷ್ಟು ತಂದಿದ್ದೀಯಾ ಕ್ಲಿಂಟ್?" ಎಂದೆ. "ಈ ಸಲ ಎರಡು ಅಂಗಿ ಒದ್ದೆ ಮಾಡಬೇಕು."

"ಬಾಯಿ ಮುಚ್ಚು!"

ನಾನು ಶಿಲುಬೆಯ ಗುರುತು ಹಾಕಿಕೊಂಡೆ. ಮೇಬ್ರಿಯ ಬೆರಳು ರೈಫಲಿನ ಕುದುರೆಯ ಮೇಲಿತ್ತು. ಆಗ ಗೇಟಿನ ಕಡೆ ಧೂಳು ಕಂಡಿತು. ಅವನಿಗೂ ಕಂಡಿತು. ಜಡ್ಜಮ್ಮನ ಹಳೆಯ ಬಿಳಿ ಕಾರು. ರೈಫಲ್ ನಿಧಾನವಾಗಿ ಕೆಳಗಿಳಿಯಿತು.

ಒರಾಲಿಯಾ ಬಾಕಾ ಇಳಿದು ಬಂದರು. ಡೆವಿನ್ ಹೇಳಿದ್ದನ್ನೆಲ್ಲ ಕೇಳಿದರು. ನರಿಯನ್ನು ನೋಡಿದರು. ತಳದಲ್ಲಿ ಸತ್ತು ನಿಂತ ಎರಡು ಗಾಡಿಗಳನ್ನು ನೋಡಿದರು.

"ಇದೆಲ್ಲ ನಾಟಕ ಮೇಡಂ," ಎಂದ ಮೇಬ್ರಿ. "ಅಲ್ಲಿ ಏನೂ ಇಲ್ಲ. ಅಲಾರಂ ನೋಡಿ, ಕೂಗ್ತಿಲ್ಲ."

"ಸರಿ ಹಾಗಾದ್ರೆ," ಎಂದರು ಅವರು ಸಮಾಧಾನವಾಗಿ. "ಇಳಿದು ಆ ಬಂದೂಕು ತಗೊಂಡು ಬಾ ಕ್ಲಿಂಟ್. ನಾನಿಲ್ಲೇ ನಿಂತಿರ್ತೀನಿ."

ಮೇಬ್ರಿ ತನ್ನ ಬೂಟು ನೋಡಿಕೊಂಡ.

"ಹೋಗಪ್ಪ. ಏನೂ ಇಲ್ವಲ್ಲ."

ಅವನು ಕದಲಲಿಲ್ಲ.

"ಇದು ಕಾರಣ," ಎಂದರು ಜಡ್ಜಮ್ಮ ನನ್ನ ಕಡೆ ತಿರುಗಿ. ಫೋನು ತೆಗೆದು ಶೆರಿಫ್‌ನನ್ನು ಕರೆದರು. ಆಮೇಲೆ ಶವ ಇಟ್ಟಿದ್ದವರಿಗೆ ಫೋನ್ ಮಾಡಿದರು. ನನ್ನ ತಮ್ಮನನ್ನು ಅಂದೇ ದೊಡ್ಡ ಊರಿಗೆ ಪರೀಕ್ಷೆಗೆ ಕಳಿಸಿದರು.

ಅವನ ರಕ್ತದಲ್ಲಿ ವಿಸ್ಕಿಯ ಒಂದು ತೊಟ್ಟೂ ಇರಲಿಲ್ಲ.

ಈ ಮಾತನ್ನು ಹೇಳಲು ಹೆರ್ಲಿಂಡಾಳ ಮನೆಗೆ ಹೋದಾಗ ದಾರಿಯಲ್ಲಿ ಎಷ್ಟೋ ಮಾತು ಜೋಡಿಸಿಕೊಂಡಿದ್ದೆ. ಬಾಗಿಲಲ್ಲಿ ಅವಳ ಮುಖ ನೋಡಿ ಎಲ್ಲ ಮರೆತೆ.

"ಆಣೆ ಮುರಿದಿಲ್ಲಮ್ಮ ಅವನು," ಎಂದೆ. ಅಷ್ಟೇ.

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹಾಗೇ ಜಾರಿ ಹೊಸ್ತಿಲ ಮೇಲೆ ಕೂತಳು. ಆಗ ಅತ್ತಳು.

"ನಾನು ಅವನನ್ನ ಬೈದೆ ಭಾವ. ಸತ್ತವನನ್ನ ಬೈದೆ."

"ಬದುಕಿದ್ದಾಗ ಬೈದಿದ್ದಕ್ಕಿಂತ ಕಮ್ಮಿನೇ ಬೈದಿದ್ದೀಯ."

ಅಳುವಿನ ನಡುವೆ ಅವಳಿಗೆ ನಗು ಬಂತು. ನನಗೆ ಬರಲಿಲ್ಲ. ಮುದುಕರಿಗೆ ಅಳು ತಡವಾಗಿ ಬರುತ್ತದೆ. ಬಂದರೆ ಹೋಗುವುದಿಲ್ಲ.

ಮೇಬ್ರಿ ಈಗ ಜೈಲಿನಲ್ಲಿದ್ದಾನೆ. ಅವನಿಗೆ ಒಳ್ಳೆಯ ವಕೀಲರಿದ್ದಾರೆ. ಹಳೆಯ ಬಾವಿಗೆ ಸಿಮೆಂಟು ತುಂಬಿ ಮುಚ್ಚಿದರು. ಶನಿವಾರ ಮಣ್ಣು ಮಾಡಿದೆವು. ಡೆವಿನ್ ಎಲ್ಲರಿಗಿಂತ ಹಿಂದೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅಂದು ಗಾಳಿ ಎಷ್ಟು ಜೋರಾಗಿ ಬೀಸಿತೆಂದರೆ ಫಾದರ್ ಓದಿದ್ದು ಯಾರಿಗೂ ಕೇಳಿಸಲಿಲ್ಲ. ಹೆರ್ಲಿಂಡಾ ಮುಂದೆ ಬಂದಳು. ತಾನೇ ಜಪ ಹೇಳಿಸಿದಳು. ಗಾಳಿಗಿಂತ ಗಟ್ಟಿಯಾಗಿ.

ಎಲ್ಲರೂ ಹೋದ ಮೇಲೆ ನಾನು ಉಳಿದೆ. ಮಂಡಿ ನೋಯುತ್ತಿತ್ತು. ಆದರೂ ಊರಿದೆ.

ಸ್ವಾಮಿ ದೇವರೇ, ಇವನು ಕೊಟ್ಟ ಮಾತು ಉಳಿಸಿಕೊಂಡು ಬಂದಿದ್ದಾನೆ. ತೂರಾಡಿಕೊಂಡು ಬಂದಿದ್ದರೆ ತಪ್ಪು ತಿಳಿಯಬೇಡ. ಕ್ಲಿಂಟ್ ಮೇಬ್ರಿಯ ಮೇಲೂ ನಿನ್ನ ಕರುಣೆಯಿರಲಿ, ಅದಕ್ಕೇನೂ ಆತುರವಿಲ್ಲ. ನನ್ನ ತಮ್ಮ ಎರಾಸ್ಮೋನಿಗೆ ಮಾತ್ರ ತಡ ಮಾಡಬೇಡ. ಅವನಿಗೆ ನಿನ್ನ ಬೆಳಕು ಕೊಡು, ನಿತ್ಯ ಶಾಂತಿ ಕೊಡು. ಆಮೆನ್.